ಮಷೀನ್ ನಿಲ್ಲಿಸಿ ಕೇಳುವುದು ಹೇಗೆ?

ಬೆಟಗೇರಿ ಟೇಲರಕ್ಕ

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತೇನೆ. ಮನೆಯ ಪಡಸಾಲೆಯೇ ಅಂಗಡಿ. ಒಂದು ಮಷೀನ್, ಕಟಿಂಗ್ ಮಾಡಲು ಒಂದು ಟೇಬಲ್, ಬಂದವರಿಗೆ ಒಂದು ಸ್ಟೂಲ್. 19 ವರ್ಷ ಆಯಿತು.

ಜಂಪರ್ ಹೊಲಿಸಲು ಬಂದವರು ಅಳತೆ ಕೊಟ್ಟು ಹಾಗೇ ಹೋಗುವುದಿಲ್ಲ. ಸ್ಟೂಲ್ ಮೇಲೆ ಕೂರುತ್ತಾರೆ. ಅತ್ತೆಯ ಮಾತು, ಮಗನ ಕೆಲಸ, ಗಂಡನ ಕುಡಿತ, ನಿಲ್ಲದ ಬಸಿರು, ಎಲ್ಲ ಇಲ್ಲಿಗೇ ಬರುತ್ತದೆ. ಅಳತೆಗೆ ತೋಳೆತ್ತಿ ನಿಂತ ಹೆಂಗಸು ಬೇರೆ ಯಾರ ಮುಂದೂ ಆಡದ ಮಾತು ಆಡಿಬಿಡುತ್ತಾಳೆ. ನಾನು ಟೇಪ್ ಹಿಡಿದು ಬೆನ್ನ ಹಿಂದೆ ಇರುತ್ತೇನಲ್ಲ, ಮುಖ ನೋಡುವ ಪ್ರಸಂಗ ಇರುವುದಿಲ್ಲ. ಅದಕ್ಕೇ ಇರಬೇಕು.

ಈ ಸಲ ಪಂಚಮಿಗೆ ಎಂಟು ದಿನ ಇತ್ತು. ಒಬ್ಬರು ಬಂದರು, ಹತ್ತು ವರ್ಷದಿಂದ ಬರುತ್ತಿರುವ ಗಿರಾಕಿ. ಕೈಯಲ್ಲಿ ಗುಳೇದಗುಡ್ಡ ಖಣ. ಹಸಿರು ಬಣ್ಣ, ಕೆಂಪು ದಡಿ. ಹೋದ ವರ್ಷ ಪಂಚಮಿಗೆ ಕರೆಯಲು ಬಂದಾಗ ಅವರ ಅಣ್ಣ ತಂದಿದ್ದು. ಹೊಲಿಸದೆ ಟ್ರಂಕಿನಲ್ಲಿ ಇಟ್ಟಿದ್ದರಂತೆ. ಮಾಗಿಯಲ್ಲಿ ಅಣ್ಣ ತೀರಿಕೊಂಡರು. ನಮ್ಮ ಕಡೆ ಪಂಚಮಿ ಅಂದರೆ ಏನು ಅಂತ ನಿಮಗೆ ಗೊತ್ತು. ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರಬೇಕು. ಹೋಗಿ ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಈ ವರ್ಷ ಅವರನ್ನು ಕರೆಯಲು ಬರುವವರೇ ಇರಲಿಲ್ಲ.

ಅಳತೆ ತೆಗೆದೆ. ನನ್ನ ಪುಸ್ತಕದಲ್ಲಿ ಅವರ ಎದೆ ಸುತ್ತಳತೆ 38 ಅಂತ ಇತ್ತು. ಟೇಪ್ 34 ತೋರಿಸಿತು. ಹಳೆಯದಕ್ಕೆ ಗೀಟು ಎಳೆದು ಹೊಸದು ಬರೆದುಕೊಂಡೆ, ಅಷ್ಟೇ. ಆರು ತಿಂಗಳಲ್ಲಿ ಒಂದು ಜೀವ ನಾಲ್ಕು ಇಂಚು ಇಳಿದಿದೆ. ನನಗೆ ಅದು ಬರೀ ಅಂಕಿ ಆಗಿ ಕಂಡಿತು.

ಅವರು ಸ್ಟೂಲ್ ಮೇಲೆ ಕೂತರು. "ಅಣ್ಣ ಬಂದಾಗೆಲ್ಲ ಬಾಗಲ್ದಾಗ ನಿಂತು..." ಅಂತ ಶುರು ಮಾಡಿದರು. ನನ್ನ ಮುಂದೆ 40 ಜಂಪರ್ ಬಾಕಿ. ಕಾಲು ಪೆಡಲ್ ಮೇಲೆ. "ಇರ್ಲಿ ಬಿಡ್ರಿ ಅಕ್ಕಾರ, ಹುಟ್ಟಿದವ್ರು ಒಂದಿನ ಹೋಗೂದ ಐತಿ, ನಮ್ಮ ಕಾಕಾನೂ ಹಿಂಗ ಆದ" ಅಂತ ನನ್ನ ಕಥೆ ತೆಗೆದೆ. ಮಷೀನ್ ಓಡುತ್ತಲೇ ಇತ್ತು. ದಾರ ಹರಿಯಿತು ಅಂತ ತಲೆ ಎತ್ತಿದೆ. ಸ್ಟೂಲ್ ಖಾಲಿ. ಎದ್ದು ಹೋದದ್ದು ಸಹ ಗೊತ್ತಾಗಿರಲಿಲ್ಲ.

ಜಂಪರ್ ಒಯ್ಯಲು ಮಗಳನ್ನು ಕಳಿಸಿದರು. ಬಾಗಿಲಲ್ಲಿ ನಿಂತು ಅವರ ಅಣ್ಣ ಏನು ಮಾಡುತ್ತಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅದೇ ನನ್ನನ್ನು ಕೊರೆಯುತ್ತಿದೆ.

ಒಬ್ಬರು ಮನಸ್ಸು ಬಿಚ್ಚಿದಾಗ ಪೂರ್ತಿ ಅವರ ಜೊತೆಗೇ ಇರುವುದು ಹೇಗೆ? ಕೇಳಬೇಕು ಅಂತಲೇ ಕೂರುತ್ತೇನೆ. ಎರಡು ಮಾತು ಆಗುವಷ್ಟರಲ್ಲಿ ಏನು ಉತ್ತರ ಕೊಡಲಿ ಅಂತ ತಲೆ ಹುಡುಕಲು ಶುರು ಮಾಡುತ್ತದೆ. ಇಲ್ಲ ಅಂದರೆ ನನ್ನದೇ ಹಳೆ ದುಃಖ ಎದ್ದು ಕೂರುತ್ತದೆ. ಇಲ್ಲ ಅಂದರೆ ಅಸ್ತರ ಕತ್ತರಿಸಿಲ್ಲ ಅಂತ ನೆನಪಾಗುತ್ತದೆ. ಇದು ಹೊಟ್ಟೆಪಾಡು, ದಿನವಿಡೀ ಮಷೀನ್ ನಿಲ್ಲಿಸಿ ಕೂರಲೂ ಆಗದು. ಅನುಭವ ಇದ್ದವರು ಹೇಳಿ. ಮತ್ತೆ, ಅವರನ್ನು ನಾನೇ ಹೋಗಿ ಮಾತಾಡಿಸಲಾ?

ರಾತ್ರಿ ಪಾಳಿ, ಹುಬ್ಬಳ್ಳಿ

ಅಕ್ಕಾರ, ಹೋಗಿ. ತಡ ಆಯಿತು ಅಂತ ಅಂದುಕೊಳ್ಳಬೇಡಿ. ತೀರಿಕೊಂಡ ಮೊದಲ ಹದಿನೈದು ದಿನ ಮನೆ ತುಂಬ ಜನ ಇರುತ್ತಾರೆ. ಆರು ತಿಂಗಳ ಮೇಲೆ ಯಾರೂ ಕೇಳುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ನರ್ಸ್. ನಮಗೂ ನಿಮ್ಮ 40 ಜಂಪರ್ ಇದ್ದ ಹಾಗೇ, ಒಬ್ಬರು ಮುಗಿಯುವಷ್ಟರಲ್ಲಿ ಇನ್ನೊಬ್ಬರು. ಒಂದು ಬೆಡ್‌ನ ಸಂಕಟ ಹೊತ್ತುಕೊಂಡೇ ಇನ್ನೊಂದು ಬೆಡ್‌ಗೆ ಹೋಗುತ್ತಿದ್ದೆ. ನನಗೆ ಕೈಹಿಡಿದದ್ದು ಕೈ ತೊಳೆಯುವ ಕೆಲಸ. ಸೋಪು ಹಚ್ಚಿ ಪೂರ್ತಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಚಿತ್ರ ಸಿಂಕ್ ಮೇಲೆಯೇ ಅಂಟಿಸಿರುತ್ತಾರೆ. ಮೊದಲು ಆ ಹೊತ್ತಿನಲ್ಲಿ ಮುಂದಿನ ಇಂಜೆಕ್ಷನ್ ಲೆಕ್ಕ ಹಾಕುತ್ತಿದ್ದೆ. ಈಗ ಸುಮ್ನೆ ನೀರು ನೋಡುತ್ತೇನೆ. ತಣ್ಣಗಿದೆಯಾ, ಬೆರಳ ಸಂದಿಯಲ್ಲಿ ಸೋಪು ಉಳಿದಿದೆಯಾ, ಅಷ್ಟೇ. ನಲ್ಲಿ ನಿಲ್ಲಿಸುವ ಹೊತ್ತಿಗೆ ಹಿಂದಿನ ಬೆಡ್ ಹಿಂದೆಯೇ ಉಳಿದಿರುತ್ತದೆ.

ನೀವು ಪೆಡಲ್‌ನಿಂದ ಕಾಲು ತೆಗೆದು ನೆಲಕ್ಕೆ ಊರಿ. ಎರಡೂ ಪಾದ. ನಿಮ್ಮ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿದ್ದರೆ ಇನ್ನೂ ಒಳ್ಳೆಯದು, ತಂಪು ಗೊತ್ತಾಗುತ್ತದೆ. ಒಂದು ಸಲ ಉದ್ದಕ್ಕೆ ಉಸಿರು ಬಿಡಿ. ಉಸಿರು ಬಿಡುವಾಗ ಎದೆಬಡಿತ ಕೊಂಚ ನಿಧಾನ ಆಗುತ್ತದೆ, ಅದು ದೇಹದ ರೀತಿ. ಮನಸ್ಸು ಮತ್ತೆ ಅಸ್ತರದ ಕಡೆ ಓಡಿದರೆ ಬೈದುಕೊಳ್ಳಬೇಡಿ. ಪಾದ ನೆನಪು ಮಾಡಿಕೊಳ್ಳಿ, ವಾಪಸ್ ಬನ್ನಿ. ನಾನು ಒಂದು ಮಾತುಕತೆಯಲ್ಲಿ ಹತ್ತು ಸಲ ವಾಪಸ್ ಬಂದದ್ದುಂಟು.

ಒಂದು ರಾತ್ರಿ ಐಸಿಯು ಹೊರಗೆ ನವಲಗುಂದ ಕಡೆಯ ಒಬ್ಬ ಅಜ್ಜ ಕೂತಿದ್ದರು. ಒಳಗೆ ಅವರ ಹೆಂಡತಿ. ಯಾರು ಹಾದುಹೋದರೂ "ಟೈಮ್ ಎಷ್ಟ್ ಆತ್ರಿ?" ಅಂತ ಕೇಳುತ್ತಿದ್ದರು. ನಾನೇ ಮೂರು ಸಲ ಟೈಮ್ ಹೇಳಿ ಹೋದೆ. ನಾಲ್ಕನೇ ಸಲ ಕೇಳಿದಾಗ ಏನೋ ಅನ್ನಿಸಿ ಪಕ್ಕದಲ್ಲಿ ಕೂತೆ. "ನಾಕು ಆತು ಅಜ್ಜಾರ" ಅಂದೆ, ಏಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಈ ಹೊತ್ತಿಗೆ ಆಕಿ ಏಳ್ತಿದ್ಲು. ಎಮ್ಮಿಗೆ ಮೇವು ಹಾಕಾಕ" ಅಂದರು. ಅವರಿಗೆ ಬೇಕಾದದ್ದು ಟೈಮ್ ಆಗಿರಲಿಲ್ಲ. ಮೂರು ಸಲ ನಾನು ಗಡಿಯಾರ ನೋಡಿದ್ದೆ, ಅವರನ್ನು ನೋಡಿರಲಿಲ್ಲ.

ಬ್ಯಾಡಗಿ ದಲಾಲ

ಇಲ್ಲಿ ನನ್ನದು ಬೇರೆ ಅಭಿಪ್ರಾಯ. ನಾನು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ದಲಾಲಿ ಅಂಗಡಿ ಇಟ್ಟಿದ್ದೇನೆ. ದರ ಬಿದ್ದ ದಿನ ರೈತರು ಬಂದು ಚೀಲದ ಮೇಲೆ ಕೂರುತ್ತಾರೆ. ಆಗ ಹೂಂ ಹೂಂ ಅಂತ ಕೂತರೆ ಅವರ ಹೊಟ್ಟೆ ತುಂಬುತ್ತಾ? ಇವತ್ತು ಮಾರಬೇಡಿ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಿ, ಬಾಡಿಗೆ ಇಷ್ಟು ಬರುತ್ತದೆ ಅಂತ ದಾರಿ ಹೇಳಬೇಕು. ಮನುಷ್ಯ ಕಷ್ಟ ಹೇಳಿಕೊಂಡ ಅಂದರೆ ಏನಾದರೂ ಮಾಡು ಅಂತಲೇ ಹೇಳಿದ ಹಾಗೆ.

ಸಾವಿನ ಮನೆಗೂ ನಾವು ಬರೀ ಮಾತು ಒಯ್ಯುವುದಿಲ್ಲ. ಅಲ್ಲಿ ಒಲೆ ಹಚ್ಚಿರುವುದಿಲ್ಲ ಅಂತ ಪಕ್ಕದ ಮನೆಯವರು ರೊಟ್ಟಿ, ಜುಣಕ ಕಟ್ಟಿ ಒಯ್ಯುತ್ತಾರೆ. ಅದೂ ಜೊತೆಗಿರುವುದೇ ಅಲ್ವಾ? ಟೇಲರಕ್ಕ, ನೀವು ಹೇಳಿದ ಮಾತು ತಪ್ಪು ಅಂತ ನನಗೆ ಅನ್ನಿಸಲ್ಲ. ಹುಟ್ಟಿದವರು ಹೋಗುವುದು ಸತ್ಯ ತಾನೇ.

ಸಾಧನಕೇರಿ ಮಾಸ್ತರ

ದಲಾಲ ಸಾಹೇಬರೇ, ಅರ್ಧ ಒಪ್ಪುತ್ತೇನೆ. ಬಿದ್ದ ದರಕ್ಕೆ ದಾರಿ ಇದೆ, ಹೇಳಲೇಬೇಕು. ತೀರಿಹೋದ ಅಣ್ಣನಿಗೆ ಯಾವ ದಾರಿ ಹೇಳುತ್ತೀರಿ? ಮಾತು ಸತ್ಯವೇ. ಆದರೆ ಅದನ್ನು ಆಕೆ ನಮ್ಮಿಂದ ಕಲಿಯಬೇಕಾಗಿರಲಿಲ್ಲ. ಆ ಮಾತು ಬಂದ ಕೂಡಲೇ ಅಣ್ಣನ ಸುದ್ದಿ ಮುಗಿಯಿತು. ರೊಟ್ಟಿ ಒಯ್ಯುವ ಮಾತು ಮಾತ್ರ ನೂರಕ್ಕೆ ನೂರು ಸರಿ. ರೊಟ್ಟಿ ತಂದವರು ಉಪದೇಶ ಮಾಡುವುದಿಲ್ಲ, ಗಂಟು ಬಿಚ್ಚಿಟ್ಟು ಪಕ್ಕದಲ್ಲಿ ಕೂರುತ್ತಾರೆ.

ತಂಗಿ, ನಾನು ಧಾರವಾಡದಲ್ಲಿ 31 ವರ್ಷ ಭಾಷೆಯ ಪಾಠ ಮಾಡಿದವನು. ತಲೆ ಉತ್ತರ ಹುಡುಕುತ್ತದೆ ಅಂತ ಬರೆದಿದ್ದೀರಿ. ಅದು ನಿಮ್ಮ ದೋಷ ಅಲ್ಲ. 2009ರಲ್ಲಿ ತಾನ್ಯಾ ಸ್ಟಿವರ್ಸ್ ಎಂಬ ಭಾಷಾ ಸಂಶೋಧಕಿ ಮತ್ತು ಅವರ ಸಂಗಡಿಗರು 10 ಭಾಷೆಗಳ ಮಾತುಕತೆ ಅಳೆದು ನೋಡಿದರು. ಒಬ್ಬರು ಪ್ರಶ್ನೆ ಕೇಳಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಶುರು ಮಾಡಲು ಸರಾಸರಿ ಸುಮಾರು 200 ಮಿಲಿಸೆಕೆಂಡ್ ಸಾಕಾಗುತ್ತದೆ. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಆದರೆ ಒಂದು ಪದ ಹುಡುಕಿ ಬಾಯಿಗೆ ತರಲು ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ಹಾಗಾದರೆ ಏನಾಯಿತು? ಎದುರಿನವರ ಮಾತು ಮುಗಿಯುವ ಮೊದಲೇ ನಾವು ನಮ್ಮ ಮಾತು ಕಟ್ಟುತ್ತಿರುತ್ತೇವೆ. ಎಲ್ಲರೂ, ದಿನಾ. ಪೇಟೆಯ ಮಾತಿಗೆ ಇದು ಚೆನ್ನಾಗಿ ನಡೆಯುತ್ತದೆ. ದುಃಖದ ಮಾತಿಗೆ ನಡೆಯುವುದಿಲ್ಲ. ಅಲ್ಲಿ ಮಾತು ನಿಂತದ್ದು ಮುಗಿಯಿತು ಅಂತ ಅಲ್ಲ, ಮುಂದಿನದು ಇನ್ನೂ ಬರುತ್ತಿದೆ ಅಂತ.

ನಮ್ಮ ಅಜ್ಜಿ ಕಥೆ ಹೇಳುವ ಮೊದಲು "ಹೂಂ ಅನ್ನಾವ್ರು ಯಾರದೀರಿ?" ಅಂತ ಕೇಳುತ್ತಿದ್ದಳು. ಹೂಂಗುಟ್ಟುವವರು ಇಲ್ಲದಿದ್ದರೆ ಕಥೆ ಇಲ್ಲ. ನಿದ್ದೆಗಣ್ಣಲ್ಲಿ ತಪ್ಪು ಜಾಗದಲ್ಲಿ ಹೂಂ ಅಂದರೆ ಕಥೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಹೂಂ ಅನ್ನಲು ಉತ್ತರ ಕಟ್ಟಬೇಕಿಲ್ಲ, ಆದರೆ ಕೇಳದೆ ಸರಿಯಾದ ಜಾಗದಲ್ಲಿ ಅನ್ನಲು ಬರುವುದಿಲ್ಲ. ಅದಕ್ಕೂ ಮೇಲೆ ಏನಾದರೂ ಬೇಕಾದರೆ ಅವರ ಕೊನೆಯ ಎರಡು ಮಾತು ತಿರುಗಿ ಹೇಳಿ. "ಬಾಗಲ್ದಾಗ ನಿಂತು?" ಅವತ್ತು ಇಷ್ಟೇ ಬೇಕಾಗಿತ್ತು.

ನನ್ನ ಹೆಂಡತಿ ಹೋದಾಗ ಬಹಳ ಜನ ಮಾತಾಡಿಸಲು ಬಂದರು. ನಮ್ಮ ಕಾಲೇಜಿನ ಜವಾನ ಬಂದವನು ಕಟ್ಟೆಯ ಮೇಲೆ ಒಂದು ತಾಸು ಕೂತ. ಏಳುವ ಮುಂಚೆ ಆಕೆ ಹಚ್ಚಿದ್ದ ಮಲ್ಲಿಗೆ ಬಳ್ಳಿಗೆ ಎರಡು ತಂಬಿಗೆ ನೀರು ಹಾಕಿ ಹೋದ. ಆರು ದಿನದಿಂದ ಯಾರೂ ಅದಕ್ಕೆ ನೀರು ಹಾಕಿರಲಿಲ್ಲ.

ರಾತ್ರಿ ಪಾಳಿ, ಹುಬ್ಬಳ್ಳಿ

ಇನ್ನೆರಡು ಮಾತು. ನಿಜವಾಗಿ ಕೆಲಸ ಇದ್ದಾಗ ಅರ್ಧ ಕಿವಿ ಕೊಡಬೇಡಿ. "ಅಕ್ಕಾರ, ಈಗ ನನ್ನ ತಲೀ ಇಲ್ಲಿಲ್ಲ, ನಾಕಕ್ಕ ಬರ್ರಿ, ಕುಂತು ಮಾತಾಡೋಣ" ಅಂತ ಹೇಳಿಬಿಡಿ. ಬೇಸರ ಮಾಡಿಕೊಳ್ಳುವುದಿಲ್ಲ. ನಾಲ್ಕಕ್ಕೆ ಮಾತ್ರ ಖಂಡಿತ ಬಿಡುವಾಗಿರಿ. ಕೈ ಹೊಲಿಗೆ ನಡೆಯುತ್ತದೆ ಅನ್ನಿಸುತ್ತೆ, ಮಷೀನ್ ಬೇಡ. ಪಕ್ಕಪಕ್ಕ ಕೂತು ಕೈ ಏನಾದರೂ ಮಾಡುತ್ತಿದ್ದರೆ ಕೆಲವರಿಗೆ ಮಾತು ಸಲೀಸು. ನಿಮ್ಮ ಟೇಪಿನ ಅನುಭವವೂ ಅದೇ ಅಲ್ವಾ.

ಎರಡನೆಯದು. ನಾಲ್ಕು ಇಂಚು ಇಳಿದಿದ್ದಾರೆ ಅಂದಿರಿ. ಊಟ, ನಿದ್ದೆ ಹೇಗಿದೆ ಅಂತ ಕೇಳಿ, ಒಮ್ಮೆ ಡಾಕ್ಟರಿಗೆ ತೋರಿಸಲು ಹೇಳಿ. ಬದುಕು ಬೇಡ ಅನ್ನುವ ಮಾತು ಬಂದರೆ ತೇಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋದರೆ ಜನ ಏನೆಂದಾರು ಅನ್ನುವ ಭಯ ಇದ್ದರೆ ನೀವೇ ಜೊತೆಗೆ ಹೋಗಿ.

ಬ್ಯಾಡಗಿ ದಲಾಲ

ಮಾಸ್ತರ, ನಿಮ್ಮ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ದಾರಿ ಹೇಳುವುದು ನಾನು ಬಿಡಲಾರೆ. ಆದರೆ ದಾರಿ ಬೇಕಾ ಅಂತ ಮೊದಲು ಕೇಳುತ್ತೇನೆ.

ಬೆಟಗೇರಿ ಟೇಲರಕ್ಕ

ಹೋಗಿದ್ದೆ. ಖಣದ ಉಳಿದ ತುಂಡು ನನ್ನ ಹತ್ತಿರವೇ ಇತ್ತು, ಅದನ್ನು ಕೊಡುವ ನೆಪ. ಅವರು ಮೊರ ಮುಂದಿಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದರು. ನಾನೂ ಎದುರಿಗೆ ಕೂತು ಕಲ್ಲು ಆರಿಸಲು ಶುರು ಮಾಡಿದೆ. "ಅವತ್ತ ನಾ ಸರಿಯಾಗಿ ಕೇಳ್ಲಿಲ್ರಿ ಅಕ್ಕಾರ. ಅಣ್ಣಾವ್ರು ಬಾಗಲ್ದಾಗ ನಿಂತು ಅಂದಿದ್ರಿ" ಅಂದೆ.

ಅವರು ತಲೆ ಎತ್ತಲಿಲ್ಲ. ಬಹಳ ಹೊತ್ತು ಜೋಳದ ಸದ್ದೊಂದೇ. ಎರಡು ಸಲ ನನಗೆ ಏನಾದರೂ ಹೇಳಿಬಿಡೋಣ ಅನ್ನಿಸಿತು. ಪಾದ ನೆಲಕ್ಕೆ ಒತ್ತಿದೆ. ಸುಮ್ಮನಿದ್ದೆ.

ಆಮೇಲೆ ಹೇಳಿದರು. ಅಣ್ಣ ಎಂದೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. ಮೂರು ಸಲ ಚಿಲಕ ಬಡಿದು ಗೋಡೆಗೆ ಅಂಟಿ ನಿಲ್ಲುತ್ತಿದ್ದರಂತೆ, ಸಣ್ಣವರಿದ್ದಾಗ ಆಡಿದ ಹಾಗೆ. ಮೀಸೆ ಬೆಳ್ಳಗಾದ ಮೇಲೂ. ಇವರು ಗೊತ್ತಿದ್ದೂ "ಯಾರವ್ರು?" ಅಂತ ಕೂಗಬೇಕು. ಈ ಪಂಚಮಿ ಬೆಳಿಗ್ಗೆ ಗಾಳಿಗೆ ಚಿಲಕ ಅಲುಗಾಡಿತಂತೆ. ಎದ್ದು ಹೋಗಿ ಬಾಗಿಲು ತೆಗೆದರಂತೆ.

"ಬಾಗಲಾ ತಗದ್ರಿ" ಅಂದೆ. "ಹೂಂ, ತಗದೆ" ಅಂದರು. ಆಗ ಅತ್ತರು. ಜೋಳ ಮುಗಿಯುವ ತನಕ ಅಲ್ಲೇ ಇದ್ದೆ. ಊಟ, ನಿದ್ದೆಯ ಮಾತೂ ಕೇಳಿದೆ. ರಾತ್ರಿ ರೊಟ್ಟಿ ಸೇರುವುದಿಲ್ಲ ಅಂದರು. ನಾಡಿದ್ದು ಡಾಕ್ಟರ ಹತ್ತಿರ ಇಬ್ಬರೂ ಹೋಗುತ್ತಿದ್ದೇವೆ.

ಜಂಪರ್ ಒಮ್ಮೆ ತೊಟ್ಟು ನೋಡಿದ್ದಾರೆ. ತೋಳು ಇನ್ನೂ ಸಡಿಲ ಇದೆಯಂತೆ. ಶುಕ್ರವಾರ ನಾಲ್ಕಕ್ಕೆ ಬರಲು ಹೇಳಿದ್ದೇನೆ. ಆ ಹೊತ್ತಿಗೆ ಹುಕ್ಕು ಹಚ್ಚುವ ಕೆಲಸ ಮಾತ್ರ ತೆಗೆದಿಟ್ಟಿದ್ದೇನೆ.