ಚಿಮ್‌ಜಿಲ್‌ಬಾಂಗ್‌ನಲ್ಲಿ ಬೆವರಿದರೆ ನನಗೆ ಮಾತ್ರ ಸುಸ್ತು, ಇದು ದೇಹ ಪ್ರಕೃತಿಯಾ?

ಸುವಾನ್‌ವಾಸಿ:
ಎಲ್ಲರಿಗೂ ನಮಸ್ಕಾರ. ಕೊರಿಯಾದ ಸುವಾನ್‌ಗೆ ಬಂದು ಎರಡು ವರ್ಷ ಆಯಿತು. ಆಫೀಸಿನವರ ಜೊತೆ ಆಗಾಗ ಇಲ್ಲಿಯ ಬಿಸಿ ಕೋಣೆಗಳ ಸ್ನಾನಗೃಹಕ್ಕೆ, ಅಂದರೆ ಚಿಮ್‌ಜಿಲ್‌ಬಾಂಗ್‌ಗೆ ಹೋಗುತ್ತೇನೆ. ಅವರೆಲ್ಲ ಬಿಸಿ ಕೋಣೆಯಲ್ಲಿ ಕೂತು ಬೆವರು ಸುರಿಸಿ, ಹೊರಗೆ ಬಂದು ತಣ್ಣನೆ ಸಿಖ್ಯೆ (ಅಕ್ಕಿಯ ಸಿಹಿ ಪಾನೀಯ) ಕುಡಿದು ಆರಾಮಾಗಿ ಮಲಗುತ್ತಾರೆ. ನನಗೆ ಹತ್ತೇ ನಿಮಿಷಕ್ಕೆ ಕಾಲು ನಡುಗುತ್ತದೆ, ಆ ದಿನ ಪೂರ್ತಿ ಸುಸ್ತು. ಮನೆ ಓನರ್ ಅಜ್ಜಿ ನನ್ನ ಕೈ ಹಿಡಿದು ನೋಡಿ, "ಎಷ್ಟು ತಣ್ಣಗಿದೆ, ನೀನು ಸೊ-ಉಮಿನ್, ಜಾಸ್ತಿ ಬೆವರಬೇಡ, ಶುಂಠಿ ಚಹಾ ಕುಡಿ" ಎಂದರು. ಸೊ-ಉಮಿನ್ ಅಂದರೆ ಇಲ್ಲಿಯವರು ಹೇಳುವ ಒಂದು ದೇಹ ಪ್ರಕೃತಿ. ಇದು ನಮ್ಮ ವಾತ ಪಿತ್ತ ಕಫದ ತರಹನೇ ಅಲ್ವಾ? ಇನ್ನೊಂದು ವಿಷಯ, ರಜೆಗೆ ಊರಿಗೆ ಹೋಗುವಾಗ ಅಪ್ಪನಿಗೆ ಹೊಂಗ್‌ಸಾಮ್, ಅಂದರೆ ಕೆಂಪು ಜಿನ್ಸೆಂಗ್ ಒಯ್ಯಬೇಕು ಅಂತಿದ್ದೇನೆ. ಅವರಿಗೆ ಶುಗರ್ ಇದೆ, ಕೊಡಬಹುದಾ?

ಕಷಾಯಪ್ರಿಯ:
ಹೋಲಿಕೆ ಇದೆ, ಆದರೆ ಒಂದೇ ಅಲ್ಲ. ನಮ್ಮಲ್ಲಿ ಮೂರು ದೋಷಗಳೂ ಎಲ್ಲರಲ್ಲೂ ಇರುತ್ತವೆ, ಯಾವುದು ಜಾಸ್ತಿ ಅನ್ನುವುದೇ ಲೆಕ್ಕ. ಅಲ್ಲಿಯ ಸಾಸಾಂಗ್ ವೈದ್ಯ ಪದ್ಧತಿಯಲ್ಲಿ ದೇಹ ಪ್ರಕೃತಿಯ ನಾಲ್ಕು ಗುಂಪು. ಒಬ್ಬರಿಗೆ ಒಂದೇ, ಹುಟ್ಟಿನಿಂದ ಸಾಯುವವರೆಗೆ. ಇದನ್ನು ಕಟ್ಟಿದವರು ಲೀ ಜೆ-ಮಾ (1837–1900). 1894ರಲ್ಲಿ ಬರೆದ ಅವರ ಪುಸ್ತಕ ಅಚ್ಚಾಗಿದ್ದು ಅವರು ತೀರಿಕೊಂಡ ಮೇಲೆ, 1901ರಲ್ಲಿ. ಹತ್ತು ಸಾವಿರ ಜನರಿದ್ದರೆ ತೆ-ಉಮಿನ್ 5,000, ಸೊ-ಯಾಂಗಿನ್ 3,000, ಸೊ-ಉಮಿನ್ 2,000, ತೆ-ಯಾಂಗಿನ್ ಬೆರಳೆಣಿಕೆಯಷ್ಟು ಎಂದು ಅವರ ಅಂದಾಜು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ದಿನನಿತ್ಯದ ಗುರುತುಗಳು. ತೆ-ಉಮಿನ್‌ಗೆ ಚೆನ್ನಾಗಿ ಬೆವರು ಬಂದರೆ ಆರೋಗ್ಯ ಸರಿಯಿದೆ ಅಂತ ಅರ್ಥ. ಸೊ-ಯಾಂಗಿನ್‌ಗೆ ಹೊಟ್ಟೆ ಸಲೀಸಾಗಿ ಖಾಲಿಯಾಗಬೇಕು, ತೆ-ಯಾಂಗಿನ್‌ಗೆ ಮೂತ್ರ ಧಾರಾಳವಾಗಿ ಹೋಗಬೇಕು. ಸೊ-ಉಮಿನ್‌ಗೆ ಉಂಡದ್ದು ಜೀರ್ಣವಾದರೆ ಸಾಕು, ಬೆವರು ಸುರಿದರೆ ಮಾತ್ರ ನಿತ್ರಾಣ. ಅಜ್ಜಿ ಹೇಳಿದ್ದು ಇದನ್ನೇ.

ಬುಸಾನ್ ಸೊಸೆ:
ಕೈ ತಣ್ಣಗಿದೆ ಅನ್ನುವ ಒಂದೇ ಕಾರಣಕ್ಕೆ ತೀರ್ಮಾನ ಮಾಡಬೇಡಿ. ನನ್ನನ್ನು ಅತ್ತೆ ಕೊರಿಯನ್ ಸಾಂಪ್ರದಾಯಿಕ ವೈದ್ಯರ ಕ್ಲಿನಿಕ್ಕಿಗೆ, ಅಂದರೆ ಹನಿವೊನ್‌ಗೆ ಕರೆದುಕೊಂಡು ಹೋಗಿದ್ದರು. ವೈದ್ಯರು ಎರಡೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಸುಮಾರು ಹೊತ್ತು ನಾಡಿ ನೋಡಿದರು. ಆಮೇಲೆ ಪ್ರಶ್ನೆಗಳು: ಬಾಯಾರಿದರೆ ತಣ್ಣೀರು ಬೇಕಾ ಬಿಸಿನೀರಾ, ಬೆಳಗ್ಗೆ ಸಲೀಸಾಗಿ ಹೊರಗೆ ಹೋಗುತ್ತದಾ, ಬೆವರಿದ ಮೇಲೆ ಮೈ ಹಗುರವಾಗುತ್ತದಾ. ಸೊ-ಯಾಂಗಿನ್ ಅಂದರು. ಒಂದು ವರ್ಷದ ಮೇಲೆ ಬೇರೆ ಕಡೆ ತೋರಿಸಿದಾಗ ತೆ-ಉಮಿನ್ ಅಂದರು! ಹಾಗಾಗಿ ಆ ಹೆಸರನ್ನು ಪಕ್ಕಕ್ಕಿಟ್ಟು, ಯಾವುದು ಒಗ್ಗುತ್ತದೆ ಅಂತ ನಾನೇ ನೋಡಿಕೊಳ್ಳುತ್ತೇನೆ. ನಿಮಗೂ ಬಿಸಿ ಕೋಣೆ ಒಗ್ಗುತ್ತಿಲ್ಲ, ಬಲವಂತವಾಗಿ ಕೂರಬೇಡಿ.

ನರ್ಸ್ ಅಕ್ಕ:
ಕಾಲು ನಡುಗುವುದಕ್ಕೆ ಬಿಪಿ ಕಮ್ಮಿ, ನೀರು ಸಾಲದಿರುವುದು, ರಕ್ತಹೀನತೆ ಕೂಡ ಕಾರಣ ಇರಬಹುದು. ಪ್ರಕೃತಿ ಯಾವುದೇ ಇರಲಿ, ಒಮ್ಮೆ ಪರೀಕ್ಷೆ ಮಾಡಿಸಿ. ಅಪ್ಪನಿಗೆ ಹೊಂಗ್‌ಸಾಮ್ ಸುಮ್ನೆ ಕೊಡಬೇಡಿ. ಜಿನ್ಸೆಂಗ್‌ನಿಂದ ಶುಗರ್ ಇಳಿಯಬಹುದು, ಮಾತ್ರೆಯೂ ಸೇರಿದರೆ ತೀರಾ ಕೆಳಗೆ ಹೋಗಬಹುದು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರಿಗಂತೂ ಡಾಕ್ಟರನ್ನು ಕೇಳದೆ ಕೊಡಲೇಬಾರದು.

ಸುವಾನ್‌ವಾಸಿ:
ತುಂಬಾ ಥ್ಯಾಂಕ್ಸ್. ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಅಪ್ಪನ ಮಾತ್ರೆ ಚೀಟಿ ಓದಿಸಿದೆ. ಅಕ್ಕ, ಅದರಲ್ಲಿ ವಾರ್ಫರಿನ್ ಇದೆ. ಹೊಂಗ್‌ಸಾಮ್ ಆರ್ಡರ್ ಕ್ಯಾನ್ಸಲ್ ಮಾಡಿದೆ. ಶನಿವಾರ ನಾನೂ ಬಿಪಿ, ರಕ್ತ ಎರಡೂ ತೋರಿಸಿಕೊಂಡು ಬರುತ್ತೇನೆ.