ಲಸ್ಟರ್‌ನಲ್ಲಿ ಕೆಟ್ಟ ಫೈಲುಗಳು: ಓದಲೂ ಆಗುತ್ತಿಲ್ಲ, ಅಳಿಸಲೂ ಆಗುತ್ತಿಲ್ಲ

ಕಾವಲುಗಾರ: ನಮ್ಮ ಲ್ಯಾಬಿನ ಹಳೇ ಕ್ಲಸ್ಟರ್‌ನಲ್ಲಿ ಲಸ್ಟರ್ 2.5 (ಹಲವು ಸರ್ವರುಗಳ ಡಿಸ್ಕುಗಳನ್ನು ಒಂದೇ ಆಗಿ ತೋರಿಸುವ ಫೈಲ್ ಸಿಸ್ಟಮ್) ಇದೆ, ಸೆಂಟ್‌ಒಎಸ್ 6 ಅನ್ನುವ ಲಿನಕ್ಸ್ ಮೇಲೆ. ಎಂಟು ಒಎಸ್‌ಟಿ (ಫೈಲಿನ ಡೇಟಾ ಇಡುವ ಡಿಸ್ಕ್ ಭಾಗ), ಎಲ್ಲಾ ಎಲ್‌ಡಿಸ್ಕ್‌ಎಫ್‌ಎಸ್ (ಎಕ್ಸ್‌ಟಿ4ರ ಲಸ್ಟರ್ ರೂಪ), ಸ್ಟ್ರೈಪ್ ಕೌಂಟ್ 1, ಅಂದರೆ ಒಂದು ಫೈಲು ಪೂರ್ತಿ ಒಂದೇ ಒಎಸ್‌ಟಿಯಲ್ಲಿ. ಶನಿವಾರ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಆಮೇಲೆ 5ನೇ ಒಎಸ್‌ಟಿ ಮೌಂಟ್ ಆಗಲಿಲ್ಲ. ಡಿಸ್ಕ್ ರಿಪೇರಿ ಮಾಡುವ ಇ2ಎಫ್‌ಎಸ್‌ಸಿಕೆ ಓಡಿಸಿದೆ, ಕೇಳಿದ್ದಕ್ಕೆಲ್ಲಾ ಹೂಂ ಅಂದೆ, ಮೌಂಟ್ ಆಯಿತು. ಈಗ ಒಬ್ಬ ವಿದ್ಯಾರ್ಥಿಯ ಡೈರೆಕ್ಟರಿಯಲ್ಲಿ ಹದಿನೈದು ಸಾವಿರ ಫೈಲಿದ್ದರೆ ಅದರಲ್ಲಿ 60ಕ್ಕೆ ಮಾತ್ರ ಸೈಜು, ತಾರೀಖು, ಮಾಲೀಕ ಯಾವುದೂ ಇಲ್ಲ, ಬರೀ ಪ್ರಶ್ನೆ ಚಿಹ್ನೆ. ಅಳಿಸುವ ಕಮಾಂಡ್ ಆರ್‌ಎಂ ಕೊಟ್ಟರೆ ಅಂಥ ಫೈಲೇ ಇಲ್ಲ ಅನ್ನುತ್ತದೆ. ಡೈರೆಕ್ಟರಿ ಅಳಿಸಲು ಹೋದರೆ ಅದು ಖಾಲಿ ಇಲ್ಲ ಅನ್ನುತ್ತದೆ! ರೂಟ್ ಆಗಿಯೂ ನೋಡಿದೆ. ಹೇಗಾದರೂ ಅಳಿಸಿದರೆ ಸಾಕಾಗಿದೆ.

ಹಳೇಡಿಸ್ಕ್: ಅಳಿಸೋದು ಸುಲಭ, ಆದರೆ ಸ್ವಲ್ಪ ತಡೆಯಿರಿ ಸಾರ್. ಫೈಲಿನ ಹೆಸರು ಇರುವುದು ಎಂಡಿಟಿ ಅನ್ನುವ ಬೇರೆ ಡಿಸ್ಕಿನಲ್ಲಿ, ಒಳಗಿನ ಡೇಟಾ ಒಎಸ್‌ಟಿಯ ಆಬ್ಜೆಕ್ಟಿನಲ್ಲಿ. ಸೈಜು ಬೇಕೆಂದರೆ ಕ್ಲೈಂಟ್ ಒಎಸ್‌ಟಿಯನ್ನೇ ಕೇಳಬೇಕು. ಅಲ್ಲಿ ಆಬ್ಜೆಕ್ಟ್ ಸಿಗಲಿಲ್ಲ, ಅದಕ್ಕೇ ಪ್ರಶ್ನೆ ಚಿಹ್ನೆ. ಆರ್‌ಎಂ ಕೂಡ ಅಳಿಸುವ ಮೊದಲು ಸ್ಟ್ಯಾಟ್ ಮಾಡುತ್ತದೆ (ಫೈಲಿನ ವಿವರ ಕೇಳುತ್ತದೆ), ಅಲ್ಲೇ ಮುಗ್ಗರಿಸುತ್ತದೆ. ಅಂದರೆ ಹೆಸರು ಇದೆ, ಸಾಮಾನು ಕಾಣುತ್ತಿಲ್ಲ. ಕಾಣುತ್ತಿಲ್ಲ ಅಂದೆ, ಹೋಯಿತು ಅನ್ನಲಿಲ್ಲ.

ಒಂದು ಲೆಕ್ಕ ನೋಡಿ. ಒಎಸ್‌ಟಿಯೊಳಗೆ ಆಬ್ಜೆಕ್ಟುಗಳನ್ನು ಡಿ0ಯಿಂದ ಡಿ31ರವರೆಗೆ 32 ಡೈರೆಕ್ಟರಿಗಳಲ್ಲಿ ಹಂಚಿ ಇಟ್ಟಿರುತ್ತಾರೆ. ಆಬ್ಜೆಕ್ಟ್ ನಂಬರನ್ನು 32ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಅದರ ಮನೆ ನಂಬರು. ನಿಮ್ಮಲ್ಲಿ ಎಂಟು ಒಎಸ್‌ಟಿ, ಎಂಟು ಮೂವತ್ತೆರಡಲಿ 256. ಹದಿನೈದು ಸಾವಿರವನ್ನು ಅದರಿಂದ ಭಾಗಿಸಿದರೆ ಹೆಚ್ಚುಕಮ್ಮಿ 60! ನನಗೆ ಡೌಟು ಬರುವುದು ಇಲ್ಲೇ, ಒಂದು ಒಎಸ್‌ಟಿಯ ಒಂದೇ ಡೈರೆಕ್ಟರಿ ಕೆಟ್ಟಿರಬಹುದು. ಕೆಟ್ಟ ಫೈಲುಗಳಿಗೆ ಎಲ್‌ಎಫ್‌ಎಸ್ ಗೆಟ್‌ಸ್ಟ್ರೈಪ್ ಕೊಟ್ಟು ಆಬ್ಜೆಕ್ಟ್ ನಂಬರು ತೆಗೆದು ಶೇಷ ನೋಡಿ ಹೇಳಿ. ಅದು ಎಂಡಿಟಿಯನ್ನಷ್ಟೇ ಕೇಳುತ್ತದೆ, ಹಾಗಾಗಿ ಕೆಲಸ ಮಾಡುತ್ತದೆ.

ಅಂದ ಹಾಗೆ ಓಡಿಸಿದ ಇ2ಎಫ್‌ಎಸ್‌ಸಿಕೆ ಲಸ್ಟರ್‌ನವರದ್ದೇ ತಾನೇ? ಸೆಂಟ್‌ಒಎಸ್ ಜೊತೆ ಬಂದದ್ದಲ್ಲ ತಾನೇ?

ಕಾವಲುಗಾರ: ಲಸ್ಟರ್‌ನವರದ್ದೇ, ಪುಣ್ಯಕ್ಕೆ. ಲೆಕ್ಕ ಹಾಕಿದೆ. ಮೊದಲನೆಯದು 1204331, ಶೇಷ 11. ಎರಡನೆಯದಕ್ಕೂ 11. ಅರವತ್ತಕ್ಕೂ 11 ಸಾರ್! ಬೇರೆಯವರ ಡೈರೆಕ್ಟರಿ ಹುಡುಕಿದರೆ ಅಲ್ಲೂ ಇಂಥವೇ ಇವೆ, ಅವರಿನ್ನೂ ನೋಡಿಲ್ಲ ಅಷ್ಟೆ.

ಹಳೇಡಿಸ್ಕ್: ಹಾಗಾದರೆ ಡಿ11 ಅನ್ನೋ ಡೈರೆಕ್ಟರಿಯೇ ಕೆಟ್ಟಿತ್ತು, ಮನೆ ಕಳೆದುಕೊಂಡ ಆಬ್ಜೆಕ್ಟುಗಳನ್ನೆಲ್ಲ ಇ2ಎಫ್‌ಎಸ್‌ಸಿಕೆ ಎತ್ತಿ ಆ ಒಎಸ್‌ಟಿಯ ಲಾಸ್ಟ್ ಪ್ಲಸ್ ಫೌಂಡ್ ಅನ್ನುವ ಡೈರೆಕ್ಟರಿಗೆ ಹಾಕಿರಬೇಕು. ಎಲ್ಲರ ಕೆಲಸ ನಿಲ್ಲಿಸಿ ಆ ಒಎಸ್‌ಟಿಯನ್ನು ಅನ್‌ಮೌಂಟ್ ಮಾಡಿ, ಟೈಪ್ ಎಲ್‌ಡಿಸ್ಕ್‌ಎಫ್‌ಎಸ್ ಅಂತ ಮೌಂಟ್ ಮಾಡಿ ಅಲ್ಲಿ ಇಣುಕಿ. ತುಂಬಿದ್ದರೆ ಎಲ್‌ಎಲ್ ರಿಕವರ್ ಲಾಸ್ಟ್ ಫೌಂಡ್ ಆಬ್ಜ್ಸ್ ಅನ್ನುವ ಟೂಲ್ ಓಡಿಸಿ (ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್). ಪ್ರತಿ ಆಬ್ಜೆಕ್ಟಿನ ಜೊತೆ ಬರೆದಿಟ್ಟ ಗುರುತನ್ನು (ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್) ಓದಿ ಅದನ್ನು ವಾಪಸ್ ಅದರ ಜಾಗಕ್ಕೆ ಸೇರಿಸುತ್ತದೆ. 2.6ರಿಂದ ಒಎಸ್‌ಟಿ ಮೌಂಟ್ ಮಾಡಿದರೆ ಲಸ್ಟರೇ ಇದನ್ನು ಮಾಡಿಕೊಳ್ಳುತ್ತದೆ, ನಿಮ್ಮ 2.5ರಲ್ಲಿ ಕೈಯಿಂದಲೇ ಮಾಡಬೇಕು.

ಅದಾದ ಮೇಲೂ ಉಳಿದರೆ ಆರ್‌ಎಂ ಬಿಟ್ಟು ಅನ್‌ಲಿಂಕ್ ಕಮಾಂಡ್ ಕೊಡಿ. ಅದು ಸ್ಟ್ಯಾಟ್ ಗೀಟ್ ಅಂತ ಹೋಗದೆ ಹೆಸರನ್ನು ನೇರವಾಗಿ ತೆಗೆಯುತ್ತದೆ. ಒಂದು ಸಲಕ್ಕೆ ಒಂದೇ ಹೆಸರು ತಗೊಳ್ಳುತ್ತದೆ, ಜಾಸ್ತಿ ಇದ್ದರೆ ಲೂಪ್ ಹಾಕಿಕೊಳ್ಳಿ.

ಕಾವಲುಗಾರ: ರಾತ್ರಿ ಎರಡು ಗಂಟೆಗೆ ಬರೆಯುತ್ತಿದ್ದೇನೆ. ಲಾಸ್ಟ್ ಪ್ಲಸ್ ಫೌಂಡ್ ಗಿಜಿಗಿಜಿ ತುಂಬಿತ್ತು. ಟೂಲ್ ಓಡಿಸಿ ಮತ್ತೆ ಲಸ್ಟರ್ ಆಗಿ ಮೌಂಟ್ ಮಾಡಿದೆ. 60ರಲ್ಲಿ 57 ಬಂದವು, ಚೆಕ್‌ಸಮ್ ಇದ್ದವೆಲ್ಲ ಹೊಂದಿದವು. ಮೂರು ಬರಲೇ ಇಲ್ಲ, ಅನ್‌ಲಿಂಕ್ ಕೊಟ್ಟೆ, ತೆಪ್ಪಗೆ ಹೋದವು. ಆ ಹುಡುಗನಿಗೆ ಮೂರು ರನ್ ಮತ್ತೆ ಮಾಡು ಅಂದೆ. 'ಅಳಿಸಿ ಅಂತ ನಾನೇ ಹೇಳಿದ್ದೆನಲ್ಲ ಸಾರ್, ಅವೆಲ್ಲ ಬೇಡವಾಗಿದ್ದವು' ಅಂದ.