ಬ್ಯಾಲೆನ್ಸರ್ ಇರುವ ಎಂಜಿನ್ ಒಳ್ಳೆಯದಾ, ರಬ್ಬರ್ ಮೇಲೆ ಕೂರಿಸಿದ್ದಾ?

ಕಿಕ್ಕರ್:
ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಗಾಡಿ ನೋಡಿಟ್ಟಿದ್ದೇನೆ. ಎರಡೂ ದೊಡ್ಡ ವಿ-ಟ್ವಿನ್ (V ಆಕಾರದಲ್ಲಿ ಎರಡು ಸಿಲಿಂಡರ್). ಒಂದಕ್ಕೆ ಎಂಜಿನ್ ಒಳಗೇ ಅದುರು ತಗ್ಗಿಸುವ ಬ್ಯಾಲೆನ್ಸರ್ ಇದೆ, ಫ್ರೇಮಿಗೆ ನೇರವಾಗಿ ಬೋಲ್ಟ್ ಹಾಕಿದ್ದಾರೆ. ಇನ್ನೊಂದಕ್ಕೆ ಬ್ಯಾಲೆನ್ಸರ್ ಇಲ್ಲ, ರಬ್ಬರ್ ಮೌಂಟ್. ರಬ್ಬರ್‌ನದು ಸ್ಟಾರ್ಟ್ ಮಾಡಿದರೆ ನಿಂತಲ್ಲೇ ಕುಣಿಯುತ್ತದೆ, ಕನ್ನಡಿಯಲ್ಲಿ ನನ್ನ ಮುಖವೇ ಮೂರು ಕಾಣಿಸಿತು! ಆದರೆ 80ರಲ್ಲಿ ಓಡಿಸಿದಾಗ ಅದೇ ನಯವಾಗಿತ್ತು. ಬ್ಯಾಲೆನ್ಸರ್ ಗಾಡಿ ನಿಂತಾಗ ಪಾಪದ ಹಾಗಿದ್ದು, ಓಡುವಾಗ ಫುಟ್‌ರೆಸ್ಟಲ್ಲಿ ಸಣ್ಣಗೆ ಜುಮ್ ಅನ್ನುತ್ತದೆ. ಇದು ಉಲ್ಟಾ ಅಲ್ವಾ? ಯಾವುದು ತಗೊಳ್ಳಲಿ?

ಹಳೇ_ಪಿಸ್ಟನ್:
ಉಲ್ಟಾ ಏನಿಲ್ಲ, ಎರಡೂ ಅದದರ ಕೆಲಸ ಸರಿಯಾಗೇ ಮಾಡುತ್ತಿವೆ.

ಪಿಸ್ಟನ್ ಮೇಲೆ ಹೋಗಿ ನಿಂತು ವಾಪಸ್ ಬರುತ್ತದಲ್ಲ, ಆ ನಿಲ್ಲಿಸಿ ತಿರುಗಿಸುವುದರಲ್ಲೇ ಅದುರು ಹುಟ್ಟುವುದು. ಅದಕ್ಕೆ ಎದುರಾಗಿ ಕ್ರ್ಯಾಂಕಿಗೆ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಶಾಫ್ಟ್) ತೂಕ ಕಟ್ಟುತ್ತಾರೆ. ಪೂರ್ತಿ ತೂಕ ಕಟ್ಟಿಬಿಟ್ಟರೆ ಮೇಲೆ ಕೆಳಗಿನ ಅದುರು ಹೋಗಿ ಅಷ್ಟೇ ಅದುರು ಹಿಂದೆ ಮುಂದೆ ಶುರುವಾಗುತ್ತದೆ, ಹಾಗಾಗಿ ಸುಮಾರು ಅರ್ಧಕ್ಕೆ ನಿಲ್ಲಿಸುತ್ತಾರೆ. ಸಿಂಗಲ್ ಸಿಲಿಂಡರಲ್ಲಿ ಉಳಿದ ಅರ್ಧ ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವ ಅದುರು. ಅದನ್ನು ಕೊಲ್ಲಲು ಆ ವಿರುದ್ಧ ದಿಕ್ಕಿಗೇ, ಕ್ರ್ಯಾಂಕಿನಷ್ಟೇ ವೇಗದಲ್ಲಿ ಇನ್ನೊಂದು ತೂಕ ತಿರುಗಿಸಬೇಕು. ಅದೇ ಬ್ಯಾಲೆನ್ಸರ್. ಆದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ಇನ್ನೊಂದು ಸಣ್ಣ ಅದುರೂ ಇರುತ್ತದೆ. ಕ್ರ್ಯಾಂಕಿನಷ್ಟೇ ವೇಗದಲ್ಲಿ ತಿರುಗುವ ಶಾಫ್ಟಿಗೆ ಅದು ಸಿಗುವುದಿಲ್ಲ. ನಿನ್ನ ಕಾಲಿಗೆ ಬಂದ ಜುಮ್ ಬಹುಶಃ ಅದೇ.

ರಬ್ಬರ್ ಕಥೆ ಬೇರೆ. ಅಲ್ಲಿ ಅದುರು ಪೂರ್ತಿ ಹುಟ್ಟುತ್ತದೆ, ನಿನಗೆ ಮುಟ್ಟುವುದಿಲ್ಲ ಅಷ್ಟೇ. ಉಯ್ಯಾಲೆ ತೂಗಿದ್ದೀಯಲ್ಲ? ಅದರ ಲಯಕ್ಕೇ ತಳ್ಳಿದರೆ ಮೇಲೇರುತ್ತದೆ. ಅದೇ ಬಲದಲ್ಲಿ ಹಿಂದೆ ಮುಂದೆ ಪಟಪಟ ತಳ್ಳಿದರೆ ಇದ್ದಲ್ಲೇ ಇರುತ್ತದೆ. 900 ಆರ್‌ಪಿಎಂ ಅಂದರೆ ಸೆಕೆಂಡಿಗೆ 15 ಸುತ್ತು, ರಬ್ಬರಿನ ಸ್ವಂತ ಲಯಕ್ಕೆ ಹತ್ತಿರ, ಅದಕ್ಕೇ ಕುಣಿತ. 3000ಕ್ಕೆ ಸೆಕೆಂಡಿಗೆ 50 ಆಗುತ್ತದೆ. ರಬ್ಬರಿನ ಸ್ವಂತ ಲಯದ 1.4ರಷ್ಟು ದಾಟಿದ ಮೇಲೆ ರಬ್ಬರ್ ತಡೆಯಲು ಶುರು ಮಾಡುತ್ತದೆ, ಮುಂದೆ ಹೋದಷ್ಟೂ ಜಾಸ್ತಿ ತಡೆಯುತ್ತದೆ.

ರಾತ್ರಿ_ಸವಾರ:
ಮೇಲಿನವರು ಹೇಳಿದ್ದು ಸರಿ. ಇದಕ್ಕೆ ಹಾರ್ಲೆಗಿಂತ ಚೆನ್ನಾದ ಉದಾಹರಣೆ ಇಲ್ಲ, ಯಾಕೆಂದರೆ ಅವರು ಒಂದೇ ಎಂಜಿನ್ನನ್ನು ಎರಡೂ ಥರ ಮಾಡಿದರು. ಟ್ವಿನ್ ಕ್ಯಾಮ್ 88 ಅನ್ನುವ ಆ ಎಂಜಿನ್ ಡೈನಾ ಮಾದರಿಯಲ್ಲೂ ದೂರ ಪ್ರಯಾಣದ ಟೂರಿಂಗ್ ಗಾಡಿಗಳಲ್ಲೂ ರಬ್ಬರ್ ಮೇಲೆ ಬಂತು. 2000ದ ಸಾಫ್ಟೇಲ್ ಮಾದರಿಗೆ ಅದೇ ಎಂಜಿನ್ನಿಗೆ ಎರಡು ಬ್ಯಾಲೆನ್ಸರ್ ಸೇರಿಸಿ 88ಬಿ ಅಂತ ಕರೆದು ಫ್ರೇಮಿಗೆ ಗಟ್ಟಿಯಾಗಿ ಬಿಗಿದರು. ಆಮೇಲೆ 2017ರ ಟೂರಿಂಗ್ ಗಾಡಿಗಳ ಮಿಲ್ವಾಕೀ-ಏಟ್ ಎಂಜಿನ್‌ನಲ್ಲಿ ರಬ್ಬರೂ ಇದೆ, ಒಂದು ಬ್ಯಾಲೆನ್ಸರೂ ಇದೆ. ಆ ಬ್ಯಾಲೆನ್ಸರ್ ಐಡ್ಲಿಂಗಲ್ಲಿ (ಗಾಡಿ ನಿಂತು ಎಂಜಿನ್ ಓಡುವಾಗ) ಮುಖ್ಯ ಅದುರಿನ 75% ಮಾತ್ರ ತೆಗೆಯುತ್ತದೆ, ಉಳಿದದ್ದನ್ನು ಬೇಕಂತಲೇ ಬಿಟ್ಟಿದ್ದಾರೆ. ಪೂರ್ತಿ ತೆಗೆದರೆ ಹಾರ್ಲೆ ಓಡಿಸಿದ ಹಾಗೇ ಇರಲ್ಲ ಅಂತ ಬೈಯುವವರು ಇದ್ದಾರಲ್ಲ! (ನಾನೂ ಒಬ್ಬ.)

ರಬ್ಬರ್ ಐಡಿಯಾ ಇನ್ನೂ ಹಳೆಯದು. 1967ರಲ್ಲಿ ತೋರಿಸಿದ ನಾರ್ಟನ್ ಕಮಾಂಡೋದಲ್ಲಿ ಎರಡು ಪಿಸ್ಟನ್ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ, ಅದುರು ಕೇಳಲೇಬೇಡಿ. ಅವರು ಎಂಜಿನ್, ಗೇರ್‌ಬಾಕ್ಸ್, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಮೂರನ್ನೂ ಒಂದೇ ಗಂಟು ಮಾಡಿ ರಬ್ಬರ್ ಮೇಲೆ ತೂಗುಬಿಟ್ಟರು. ಚೈನ್ ಎಳೆತ ಆ ಗಂಟಿನೊಳಗೇ ಉಳಿಯಿತು. ಆದರೆ ಹಿಂದಿನ ಚಕ್ರ ಈಗ ರಬ್ಬರಿನ ಮರ್ಜಿಯಲ್ಲಿ! ಪಕ್ಕಕ್ಕೆ ಎಷ್ಟು ಆಡಬೇಕು ಅನ್ನುವುದನ್ನು ತೆಳು ವಾಷರ್ ಹಾಕಿ ಹೊಂದಿಸಬೇಕು. ಸಡಿಲವಾದರೆ ಬಾಲ ಆಡುತ್ತದೆ, ಬಿಗಿಯಾದರೆ ಅದುರು ವಾಪಸ್.

ಪಾನಾ_ಇಕ್ಕಳ:
ಆ ಬಾಲ ಆಡುವುದನ್ನು ನಾನು ಅನುಭವಿಸಿದ್ದೇನೆ, ಕಂಪನಿ ಹೆಸರು ಬೇಡ. ವೇಗದ ತಿರುವಿನಲ್ಲಿ ಹಿಂದಿನಿಂದ ಯಾರೋ ಸೀಟು ಹಿಡಿದು ಅಲ್ಲಾಡಿಸಿದ ಹಾಗೆ. ಮೊದಲು ಟೈರ್ ಬದಲಾಯಿಸಿದೆ. ಆಮೇಲೆ ವೀಲ್ ಬೇರಿಂಗ್. ಆಮೇಲೆ ಸ್ಟೀರಿಂಗ್ ಬೇರಿಂಗ್. ಕೊನೆಗೆ ಎಂಜಿನ್ ಮುಂದಿನ ಮೌಂಟ್ ಬಿಚ್ಚಿದರೆ ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡು ಬಿಸ್ಕತ್ತಿನ ಹಾಗೆ ಕೈಗೆ ಬಂತು. ಮೇಲಿನಿಂದ ಎಣ್ಣೆ ಸೋರಿ ಉಬ್ಬಿಹೋಗಿತ್ತು. ಅದು ಒಂದೇ ದಿನದಲ್ಲಿ ಹಾಳಾಗುವುದಿಲ್ಲ, ನಿಧಾನವಾಗಿ ಹಾಳಾಗುತ್ತದೆ, ನಾವೂ ನಿಧಾನವಾಗಿ ಒಗ್ಗಿಹೋಗುತ್ತೇವೆ.

ಬ್ಯಾಲೆನ್ಸರ್‌ಗೆ ಆ ಗೋಳಿಲ್ಲ, ಗಟ್ಟಿಯಾಗಿ ಬಿಗಿದ ಎಂಜಿನ್ ಫ್ರೇಮಿಗೂ ಬಲ ಕೊಡುತ್ತದೆ. ಆದರೆ ಎಂಜಿನ್ ಬಿಚ್ಚಿದ ಚರಿತ್ರೆ ಇದ್ದರೆ ಕೇಳಿಕೊಳ್ಳಿ. ಜೋಡಿಸುವಾಗ ಬ್ಯಾಲೆನ್ಸರ್ ಗೇರಿನ ಚುಕ್ಕಿ ಕ್ರ್ಯಾಂಕಿನ ಚುಕ್ಕಿಗೆ ಎದುರು ಕೂರಬೇಕು. ಹಲ್ಲು ತಪ್ಪಿದರೆ ಅದುರು ತೆಗೆಯಬೇಕಾದ ತೂಕವೇ ಅದುರಿಸಲು ಶುರು ಮಾಡುತ್ತದೆ. ಚೈನ್‌ನಿಂದ ತಿರುಗುವ ಬ್ಯಾಲೆನ್ಸರ್ ಆದರೆ ಆ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಸವೆದಿದೆಯಾ ನೋಡಿಸಿ.

ನನ್ನ ಮಾತು ಕೇಳುವುದಾದರೆ, ಸಿಗ್ನಲ್ಲಿನಲ್ಲಿ ಹೇಗಿದೆ ಅಂತ ನೋಡಿ ಗಾಡಿ ಆರಿಸಬೇಡಿ. ನೀವು ದಿನಾ ಓಡಿಸುವ ವೇಗದಲ್ಲಿ ಒಂದು ಗಂಟೆ ಓಡಿಸಿ, ಕೈ ಜೋಮು ಹಿಡಿಯುತ್ತದಾ ನೋಡಿ.

ಕಿಕ್ಕರ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಟಾರ್ಚ್ ಹಿಡಿದುಕೊಂಡು ರಬ್ಬರ್ ಗಾಡಿ ಕೆಳಗೆ ಮಲಗಿದ್ದೆ. ಮುಂದಿನ ಮೌಂಟಿಗೆ ಉಗುರು ತೂರುವಷ್ಟು ಬಿರುಕು ಇದೆ. ಮಾರುವವರಿಗೆ ತೋರಿಸಿದರೆ "ಅದು ಹಾಗೇ ಇರೋದು" ಅಂದರು! ಆದರೂ ಮನಸ್ಸು ಅದರ ಮೇಲೇ ಇದೆ. ಮುಂದಿನದು ಮಾತ್ರ ಹಾಕಿಸಿದರೆ ಸಾಕಾ, ಹಿಂದಿನದೂ ಬೇಕಾ?

ಪಾನಾ_ಇಕ್ಕಳ:
ಎಲ್ಲವನ್ನೂ ಒಟ್ಟಿಗೇ ಹಾಕಿಸಿ ಗುರು. ಒಂದು ಹೊಸದು ಇನ್ನೊಂದು ಹಳೆಯದಾದರೆ ಎಂಜಿನ್ ಓರೆ ಕೂರುತ್ತದೆ, ಚಕ್ರದ ನೇರವೂ ತಪ್ಪಬಹುದು. ಹಾಕಿದ ಮೇಲೆ ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯಾ ದಾರ ಹಿಡಿದು ನೋಡಿಸಿ. ಆ ಬಿರುಕಿನ ಫೋಟೋ ಹಿಡಿದು ರೇಟು ಇಳಿಸಿ, ಮೊದಲು ಆ ಕೆಲಸ ಮಾಡಿ!